ಡಿಬಿ ಬಾಕ್ಸಿನ ಖಾಲಿ ಕಿಂಡಿ: ಯಾವುದರಿಂದ, ಯಾರು, ಹೇಗೆ ಮುಚ್ಚಬೇಕು?

‘ಡಿಬಿ ಬಾಕ್ಸಿನಲ್ಲಿ ಒಂದು ಎಂಸಿಬಿ ತೆಗೆದ ಜಾಗ ಹಾಗೆಯೇ ಬಾಯಿ ತೆರೆದುಕೊಂಡಿದೆ, ಏನಾದರೂ ತೊಂದರೆಯೇ?’ ‘ಟೇಪ್ ಅಂಟಿಸಿದರೆ ಸಾಕಾಗುವುದಿಲ್ಲವೇ?’ ಮಳೆಗಾಲ ಹತ್ತಿರವಾದಂತೆ ಈ ಎರಡು ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಕೇಳುವವರಲ್ಲಿ ಮಂಗಳೂರಿನ ಹಳೆಯ ಫ್ಲ್ಯಾಟಿನವರು ಇದ್ದಾರೆ, ಉಡುಪಿ ಸುತ್ತಲಿನ ಹೆಂಚಿನ ಮನೆಯವರು ಇದ್ದಾರೆ, ಊರಿನ ಮನೆಯಲ್ಲಿ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಮುಂಬೈಯಲ್ಲೋ ದುಬೈಯಲ್ಲೋ ದುಡಿಯುತ್ತಿರುವವರೂ ಇದ್ದಾರೆ. ತೊಂದರೆ ಇದೆ, ಟೇಪ್ ಸಾಲದು. ಆದರೆ ಬ್ಲ್ಯಾಂಕ್ ಪ್ಲೇಟ್ ಎಂಬ ಕೆಲವು ರೂಪಾಯಿಯ ಪ್ಲಾಸ್ಟಿಕ್ ಪಟ್ಟಿಯಿಂದ ಸರಿಯಾಗುವ ತೊಂದರೆ ಇದು. ಅದನ್ನು ಕ್ರಮವಾಗಿ ಹೇಗೆ ಮಾಡಿಸಬೇಕೆಂದು ಇಲ್ಲಿ ಬರೆದಿದ್ದೇನೆ.

ಮೊದಲು ನಾಲ್ಕು ಪದಗಳು ಗೊತ್ತಿರಲಿ. ಡಿಬಿ ಎಂದರೆ ಮೀಟರಿನಿಂದ ಬಂದ ವಿದ್ಯುತ್ತನ್ನು ಮನೆಯ ಬೇರೆ ಬೇರೆ ಭಾಗಗಳಿಗೆ ಹಂಚುವ ಪೆಟ್ಟಿಗೆ. ಎಂಸಿಬಿ ಎಂದರೆ ಮಿತಿ ಮೀರಿ ಕರೆಂಟ್ ಹರಿದಾಗ ತಾನಾಗಿಯೇ ಕೆಳಗೆ ಬೀಳುವ ಸ್ವಿಚ್. ಐಸೋಲೇಟರ್ ಎಂದರೆ ಡಿಬಿಯೊಳಗಿನ ಮೇನ್ ಸ್ವಿಚ್. ಅದು ನಾವು ಕೈಯಿಂದ ಇಳಿಸಿದರೆ ಮಾತ್ರ ಇಳಿಯುತ್ತದೆ, ತಾನಾಗಿ ಬೀಳುವುದಿಲ್ಲ. ಬಸ್‌ಬಾರ್ ಎಂದರೆ ಸಾಲಾಗಿ ಕೂತ ಎಲ್ಲ ಎಂಸಿಬಿಗಳಿಗೂ ಒಟ್ಟಿಗೆ ಫೇಸ್ ಕೊಡುವ ತಾಮ್ರದ ಪಟ್ಟಿ. ಬಾಚಣಿಗೆಯ ಹಾಗೆ ಅದಕ್ಕೆ ಹಲ್ಲುಗಳಿರುತ್ತವೆ, ಒಂದೊಂದು ಹಲ್ಲು ಒಂದೊಂದು ಎಂಸಿಬಿಯ ಬಾಯೊಳಗೆ ಕೂರುತ್ತದೆ.

ಕಿಂಡಿಯ ಹಿಂದೆ ಏನಿದೆ?

ಎಂಸಿಬಿ ತೆಗೆದರೂ ಅದಕ್ಕೆ ಫೇಸ್ ಕೊಡುತ್ತಿದ್ದ ತಾಮ್ರದ ಹಲ್ಲು ಅಲ್ಲಿಯೇ ಇರುತ್ತದೆ. ಮೇನ್ ಆನ್ ಇರುವಷ್ಟು ಹೊತ್ತೂ ಅದರಲ್ಲಿ 230 ವೋಲ್ಟ್ ಇರುತ್ತದೆ. ತ್ರೀ ಫೇಸ್ ಮನೆಯಾದರೆ ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400 ವೋಲ್ಟಿನ ಮೇಲೆಯೇ. ಒಂದು ಎಂಸಿಬಿಯ ಜಾಗ ಸುಮಾರು 18 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ದೊಡ್ಡವರ ಬೆರಳು ಸಲೀಸಾಗಿ ಹೋಗುತ್ತದೆ, ಮಗುವಿನ ಬೆರಳಂತೂ ಹಿಂದಿನವರೆಗೆ ತಲುಪುತ್ತದೆ. ಬೆರಳು ಸಜೀವ ಭಾಗಕ್ಕೆ ತಾಗದಂತೆ ಪೆಟ್ಟಿಗೆ ಇರಬೇಕೆಂಬುದು ತೀರಾ ಮೂಲಭೂತವಾದ ಸುರಕ್ಷತಾ ಮಟ್ಟ. ಪೆಟ್ಟಿಗೆಯ ಮೇಲೆ ಐಪಿ 20 ಎಂದು ಬರೆದಿದ್ದರೆ ಅದರ ಅರ್ಥ ಇದೇ. ಒಂದೇ ಒಂದು ಕಿಂಡಿ ತೆರೆದಿದ್ದರೂ ಆ ಬರಹಕ್ಕೆ ಅರ್ಥ ಉಳಿಯುವುದಿಲ್ಲ.

ಹೆಚ್ಚಿನವರು ಗಮನಿಸದ ಮಾತೊಂದಿದೆ. ಎಂಸಿಬಿ ಕಾಯುವುದು ತನ್ನಿಂದ ಮುಂದೆ ಹೋಗುವ ವಯರನ್ನು. ಬಸ್‌ಬಾರ್ ಇರುವುದು ಎಂಸಿಬಿಗಿಂತ ಹಿಂದೆ. ಅಲ್ಲಿ ಶಾರ್ಟ್ ಆದರೆ ಯಾವ ಎಂಸಿಬಿಯೂ ಬೀಳುವುದಿಲ್ಲ. ಐಸೋಲೇಟರ್ ತಾನಾಗಿ ಬೀಳುವ ಜಾತಿಯೇ ಅಲ್ಲ. ಉಳಿಯುವುದು ಮೀಟರಿನ ಬಳಿಯ ಕಟೌಟ್ ಫ್ಯೂಸ್ ಮಾತ್ರ. ಅದು ಕರಗುವವರೆಗೆ ಪೆಟ್ಟಿಗೆಯೊಳಗೆ ಕಿಡಿ ಹಾರುತ್ತಲೇ ಇರುತ್ತದೆ, ತೆರೆದ ಕಿಂಡಿ ಆ ಬೆಂಕಿಯನ್ನು ನೇರ ನಮ್ಮ ಮುಖಕ್ಕೆ ತೋರಿಸುತ್ತದೆ.

‘ನಮ್ಮಲ್ಲಿ ಆರ್‌ಸಿಸಿಬಿ ಇದೆ, ಶಾಕ್ ಹೊಡೆದರೆ ತಕ್ಷಣ ಬೀಳುತ್ತದೆ’ ಎಂದು ಧೈರ್ಯ ಹೇಳುವವರಿಗೂ ಒಂದು ಮಾತು. ನೆಲಕ್ಕೆ ಸೋರುವ ಕರೆಂಟನ್ನು ಪತ್ತೆ ಹಚ್ಚಿ ಲೈನ್ ಕಡಿಯುವ ಸಾಧನ ಅದು, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು ಇರುತ್ತದೆ. ಕೈ ಒಮ್ಮೆಲೇ ಫೇಸನ್ನೂ ನ್ಯೂಟ್ರಲನ್ನೂ ಮುಟ್ಟಿದರೆ ಕರೆಂಟ್ ಹೋದ ದಾರಿಯಲ್ಲೇ ಮರಳುತ್ತದೆ, ನೆಲಕ್ಕೆ ಸೋರುವುದು ಏನೂ ಇಲ್ಲ. ಆಗ ಆರ್‌ಸಿಸಿಬಿಗೆ ತಿಳಿಯುವುದೇ ಇಲ್ಲ. ಡಿಬಿಯೊಳಗೆ ಫೇಸಿನ ಹಲ್ಲೂ ನ್ಯೂಟ್ರಲ್ ಪಟ್ಟಿಯೂ ಎಷ್ಟು ಹತ್ತಿರ ಎಂಬುದನ್ನು ಒಮ್ಮೆ ನೋಡಿದವರಿಗೆ ಈ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ.

ಕರಾವಳಿಯಲ್ಲಿ ಇದು ಏಕೆ ಇನ್ನಷ್ಟು ತುರ್ತು?

ನಮ್ಮ ಗಾಳಿಯಲ್ಲಿ ಉಪ್ಪಿದೆ. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರವಿರುವ ಮನೆಗಳಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯಲು ಹೆಚ್ಚು ವರ್ಷ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ನೀರು ಕುಡಿದು ಕೂತಿರುತ್ತದೆ, ಮುರಕಲ್ಲಿನ ಗೋಡೆಯೊಳಗೆ ಹೂತ ಕಬ್ಬಿಣದ ಡಿಬಿಗೆ ಒಳಗಿನಿಂದ ತುಕ್ಕು. ಮಳೆಗೆ ಹೆದರಿ ಒಳಗೆ ಬರುವ ಜೀವಿಗಳೂ ಅಷ್ಟೇ: ಇರುವೆ, ಜಿರಳೆ, ಮಣ್ಣಿನ ಗೂಡು ಕಟ್ಟುವ ಕಣಜ, ಎಲ್ಲಕ್ಕಿಂತ ಹೆಚ್ಚಾಗಿ ಹಲ್ಲಿ. ಡಿಬಿಯೊಳಗೆ ಬೆಚ್ಚಗಿರುತ್ತದೆ, ಕತ್ತಲೆಯಿರುತ್ತದೆ. ಹಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದು?

ಕಟಪಾಡಿ ಕಡೆಯ ಒಂದು ಹೆಂಚಿನ ಮನೆಯಲ್ಲಿ ನಾನು ಕಂಡದ್ದನ್ನು ಹೇಳಿಬಿಡುತ್ತೇನೆ. ಚಾವಡಿಯ ಗೋಡೆಯಲ್ಲಿ ಡಿಬಿ. ಎರಡು ಎಂಸಿಬಿಗಳ ಜಾಗ ಖಾಲಿ, ಅದಕ್ಕೆ ಮದುವೆಯ ಕರೆಯೋಲೆಯನ್ನು ಮಡಚಿ ಸಿಕ್ಕಿಸಿದ್ದರು. ಮಳೆಯ ತೇವಕ್ಕೆ ಕಾಗದ ಉಬ್ಬಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿತ್ತು. ಮೇನ್ ಫ್ಯೂಸ್ ಆ ವಾರ ಎರಡು ಸಲ ಹೋಗಿತ್ತು, ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಮೇನ್ ಇಳಿಸಿ ಕವರ್ ತೆಗೆದಾಗ ಕಂಡದ್ದು: ತಾಮ್ರದ ಹಲ್ಲಿನಿಂದ ನ್ಯೂಟ್ರಲ್ ಪಟ್ಟಿಯವರೆಗೆ ಉದ್ದಕ್ಕೆ ಒಣಗಿ ಅಂಟಿಕೊಂಡ ಹಲ್ಲಿ. ಅದರ ಬಾಲದ ಗುರುತು ತಾಮ್ರದ ಮೇಲೆ ಕಪ್ಪಾಗಿ ಅಚ್ಚೊತ್ತಿತ್ತು. ಕರೆಯೋಲೆಯ ಒಳಬದಿಯ ಅಂಚು ಕಂದಿತ್ತು. ಅದು ತೇವವಾಗಿದ್ದುದರಿಂದಲೇ ಹೊತ್ತಿಕೊಳ್ಳಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಇವು ಯಾವುವೂ ಮುಚ್ಚಳವಲ್ಲ

ರಟ್ಟು, ಕರೆಯೋಲೆ, ಥರ್ಮೋಕೋಲ್: ಎಲ್ಲವೂ ಬೆಂಕಿಗೆ ಆಹಾರ. ಇನ್ಸುಲೇಷನ್ ಟೇಪು ವಯರಿಗೆ ಸುತ್ತಲು ಮಾಡಿದ್ದು, ತೆರೆದ ಕಿಂಡಿಯ ಮೇಲೆ ಪರದೆ ಎಳೆಯಲು ಅಲ್ಲ. ಏಪ್ರಿಲಿನ ಸೆಕೆಗೆ ಅದರ ಅಂಟು ಕರಗಿ ಜಾರುತ್ತದೆ, ಒಂದು ಮೂಲೆ ಎದ್ದರೆ ಸಾಕು, ಇರುವೆಗೆ ದಾರಿಯಾಯಿತು. ಬೆರಳು ಒತ್ತಿದರಂತೂ ಟೇಪಿನೊಂದಿಗೇ ಒಳಗೆ ಹೋಗುತ್ತದೆ. ತಗಡಿನ ತುಂಡು ಕತ್ತರಿಸಿ ಸಿಕ್ಕಿಸುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಅದು ಜಾರಿ ಬಸ್‌ಬಾರಿನ ಮೇಲೆ ಬಿದ್ದರೆ ನೀವೇ ಕೈಯಾರೆ ಶಾರ್ಟ್ ಮಾಡಿದಂತೆ. ಎಂ-ಸೀಲ್ ಮೆತ್ತುವವರೂ ಇದ್ದಾರೆ. ಅದು ಗಟ್ಟಿಯಾಗಿ ಕೂರುತ್ತದೆ ನಿಜ, ಆದರೆ ಮುಂದೆ ಕವರ್ ತೆಗೆಯಬೇಕಾದಾಗ ಒಡೆಯದೆ ಬರುವುದಿಲ್ಲ, ಒಡೆದ ಚೂರು ಒಳಗೆ ಬೀಳುತ್ತದೆ. ಬಾಗಿಲಿನ ಚೌಕಟ್ಟಿನ ಸಂದು ತುಂಬಲು ಬಳಸುವ ಫೋಮಿನ ಸ್ಪ್ರೇ ಕೂಡ ಬೇಡ. ವಯರ್ ಬಿಸಿಯಾಗುವ ಜಾಗದಲ್ಲಿ ಅದನ್ನು ತುಂಬಿದರೆ ಬಿಸಿ ಹೊರಹೋಗುವುದಿಲ್ಲ.

‘ಡಿಬಿಗೆ ಹೊರಗಿನಿಂದ ಬಾಗಿಲಿದೆಯಲ್ಲ, ಅದನ್ನು ಮುಚ್ಚಿದರಾಯಿತು’ ಎಂಬುದು ಇನ್ನೊಂದು ಸಮಾಧಾನ. ಎಂಸಿಬಿ ಬಿದ್ದಾಗ ಕತ್ತಲಲ್ಲಿ ತಡವರಿಸುತ್ತಾ ಆ ಬಾಗಿಲು ತೆರೆಯುವವರು ಯಾರು ಎಂದು ಯೋಚಿಸಿ. ಮನೆಯಲ್ಲಿ ಆ ಹೊತ್ತಿಗೆ ಇರುವ ಅಮ್ಮನೋ ಮಗನೋ. ಕೈ ಹುಡುಕುವುದು ಎಂಸಿಬಿಯ ಗುಂಡಿಯನ್ನು, ಸಿಗುವುದು ಕಿಂಡಿ.

ಯಾರು ಮಾಡಬೇಕು?

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥವನ್ನು ಬದಲಿಸುವುದನ್ನು ಬಿಟ್ಟರೆ ವಯರಿಂಗಿನ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು ನಮ್ಮ ದೇಶದ ವಿದ್ಯುತ್ ಸುರಕ್ಷತಾ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ನಾನು ಕೆಲಸವನ್ನು ಹೀಗೆ ಹಂಚುತ್ತೇನೆ: ನೋಡುವುದು, ಲೆಕ್ಕ ಹಾಕುವುದು, ಸರಿಯಾದ ಪ್ಲೇಟ್ ತರುವುದು, ಕೆಲಸ ಆದ ಮೇಲೆ ಪರೀಕ್ಷಿಸುವುದು ನಿಮ್ಮದು. ಡಿಬಿಯ ಒಳಕವರಿನ ಸ್ಕ್ರೂ ಬಿಚ್ಚಬೇಕಾಗಿ ಬಂದ ಕ್ಷಣದಿಂದ ಅದು ವಯರ್‌ಮನ್ ಕೆಲಸ. ಮುಂದಿನ ಹಂತಗಳನ್ನು ಪೂರ್ತಿ ಬರೆದಿರುವುದು ನೀವೇ ಒಳಗೆ ಕೈ ಹಾಕಲಿ ಎಂದಲ್ಲ, ಬಂದವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನಿಮಗೆ ತಿಳಿಯಲಿ ಎಂದು.

ಹಂತ 1: ನೋಡಿ, ಮುಟ್ಟಬೇಡಿ

ಹಗಲು ಹೊತ್ತಿನಲ್ಲಿ, ಒಣಗಿದ ನೆಲದ ಮೇಲೆ ನಿಂತು, ಟಾರ್ಚ್ ಹಿಡಿದು ಒಂದು ಮಾರು ದೂರದಿಂದ ನೋಡಿ. ಕಿಂಡಿಯ ಅಂಚು ಕಪ್ಪಾಗಿದೆಯೇ? ಪಕ್ಕದ ಎಂಸಿಬಿಯ ಪ್ಲಾಸ್ಟಿಕ್ ಹಳದಿ ತಿರುಗಿದೆಯೇ, ಸೊಟ್ಟಗಾಗಿದೆಯೇ? ಗುಂಯ್ ಎಂಬ ಸದ್ದು ಇದೆಯೇ? ವಾಸನೆಯನ್ನೂ ಗಮನಿಸಿ. ಕೆಲವು ಬಗೆಯ ಪ್ಲಾಸ್ಟಿಕ್ ಕಾದಾಗ ಮೀನಿನಂಥ ವಾಸನೆ ಬರುತ್ತದೆ. ನಮ್ಮ ಊರಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಹಾಗಾಗಿಯೇ ವಿಶೇಷವಾಗಿ ಹೇಳುತ್ತಿದ್ದೇನೆ. ಅಡುಗೆಮನೆಯಲ್ಲಿ ಮೀನಿಲ್ಲದ ದಿನ ಡಿಬಿಯ ಹತ್ತಿರ ಮೀನು ವಾಸನೆ ಬಂದರೆ ಒಳಗೆ ಯಾವುದೋ ಜೋಡಣೆ ಸಡಿಲವಾಗಿ ಬಿಸಿಯೇರುತ್ತಿರಬಹುದು.

ಇವುಗಳಲ್ಲಿ ಯಾವುದು ಕಂಡರೂ ಪ್ಲೇಟಿನ ವಿಚಾರ ಆಮೇಲೆ, ವಯರ್‌ಮನ್‌ಗೆ ಈಗಲೇ ಕರೆ ಮಾಡಿ. ಕಬ್ಬಿಣದ ಡಿಬಿಯ ಬಾಗಿಲು ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಕೈಕೊಟ್ಟಿದೆ ಎಂದು ತಿಳಿದು ದೂರ ಸರಿಯಿರಿ. ಮೀಟರ್ ಅಥವಾ ಕಟೌಟ್ ಬಳಿ ಕಿಡಿ, ಹೊಗೆ ಕಂಡರೆ ಅದು ಮೆಸ್ಕಾಂನವರ ಭಾಗ, 1912ಕ್ಕೆ ಕರೆ ಮಾಡಿ. ಮೀಟರಿನ ಸೀಲು ಒಡೆಯುವ ಸಾಹಸ ಬೇಡ.

ಆ ಎಂಸಿಬಿಯನ್ನು ತೆಗೆದದ್ದು ಏಕೆಂದು ಮನೆಯವರನ್ನು ಕೇಳಿ. ಹಳೆಯ ಗೀಸರ್ ತೆಗೆದರು, ಪಂಪ್‌ಸೆಟ್ ಲೈನ್ ಬೇರೆ ಮಾಡಿದರು ಎಂದಾದರೆ ಸರಿ. ‘ಸುಟ್ಟುಹೋಗಿತ್ತು’ ಎಂದರೆ ಅದನ್ನು ಸುಟ್ಟ ಕಾರಣ ಇನ್ನೂ ಒಳಗೇ ಇರಬಹುದು.

ಹಂತ 2: ಜಾಗದ ಲೆಕ್ಕ

ಸ್ಟೀಲ್ ಸ್ಕೇಲ್, ಅಳತೆ ಟೇಪು ಯಾವುದನ್ನೂ ಕಿಂಡಿಯ ಹತ್ತಿರ ಒಯ್ಯಬೇಡಿ. ಪಕ್ಕದ ಎಂಸಿಬಿಯೇ ನಿಮ್ಮ ಅಳತೆಗೋಲು. ಒಂದು ಎಂಸಿಬಿಯ ಅಗಲಕ್ಕೆ ಒಂದು ಮಾಡ್ಯೂಲ್ ಎನ್ನುತ್ತಾರೆ: ಒಂದಕ್ಕೆ 18, ಎರಡಕ್ಕೆ 36, ಮೂರಕ್ಕೆ 54 ಮಿಲಿಮೀಟರ್. ಮೊಬೈಲಿನಲ್ಲಿ ಡಿಬಿಯ ಎರಡು ಫೋಟೊ ತೆಗೆಯಿರಿ, ಒಂದು ಪೂರ್ತಿ ಪೆಟ್ಟಿಗೆಯದು, ಇನ್ನೊಂದು ಕಿಂಡಿಯ ಹತ್ತಿರದ್ದು. ಡಿಬಿಯ ಕಂಪನಿಯ ಹೆಸರು ಬಾಗಿಲಿನ ಒಳಬದಿಯಲ್ಲಿ ಇರುತ್ತದೆ, ಅದರದ್ದೂ ಒಂದು ಫೋಟೊ ಇರಲಿ. ಅರ್ಧ ಮಾಡ್ಯೂಲಿನಷ್ಟು ಸಂದು ಎಲ್ಲಾದರೂ ಇದೆಯೇ ಎಂದು ನೋಡಿ. ಬೇರೆ ಕಂಪನಿಯ ಆರ್‌ಸಿಸಿಬಿ ಹಾಕಿದಲ್ಲಿ ಹೀಗೆ ಆಗುತ್ತದೆ, ಜನ ಅದನ್ನು ಕಿಂಡಿ ಎಂದು ಪರಿಗಣಿಸುವುದೇ ಇಲ್ಲ. ಮಗುವಿನ ಕಿರುಬೆರಳಿಗೂ ತಂತಿಯ ತುಂಡಿಗೂ ಹಲ್ಲಿಯ ಮರಿಗೂ ಅಷ್ಟು ಜಾಗ ಧಾರಾಳ.

ಹಂತ 3: ಏನು ತರಬೇಕು?

ಅಂಗಡಿಯಲ್ಲಿ ‘ಡಿಬಿಯ ಬ್ಲ್ಯಾಂಕ್ ಪ್ಲೇಟ್’ ಎಂದು ಕೇಳಿ, ಕೆಲವರು ‘ಡಮ್ಮಿ’ ಎನ್ನುತ್ತಾರೆ. ಮಂಗಳೂರಿನ ಹಂಪನಕಟ್ಟೆ ಸುತ್ತಿನ, ಉಡುಪಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಇದು ಹೊಸದಲ್ಲ. ಆದರೆ ಕೇಳುವವರು ಕಡಿಮೆಯಾದ್ದರಿಂದ ಮೂಲೆಯ ಡಬ್ಬದಲ್ಲಿ ಬಿದ್ದಿರುತ್ತದೆ, ಹುಡುಕಿಸಿ. ಗೋಳಿಬಜೆ ತಿಂದು ಚಹಾ ಕುಡಿದಷ್ಟು ಖರ್ಚಿನಲ್ಲಿ ಸಿಗುವ ವಸ್ತು.

ಇದರಲ್ಲಿ ಎರಡು ಬಗೆ. ಮೊದಲನೆಯದು ಕವರಿನ ಅಂಚಿಗೆ ಟಿಕ್ ಎಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಪಟ್ಟಿ. ಉದ್ದವಾಗಿ ಬರುತ್ತದೆ, ಗೀರು ಹಾಕಿದಲ್ಲಿ ಮುರಿದು ಬೇಕಾದಷ್ಟು ಮಾಡ್ಯೂಲ್ ಮಾಡಿಕೊಳ್ಳಬಹುದು. ಎರಡನೆಯದು ಎಂಸಿಬಿಯದೇ ಆಕಾರದ ಪೊಳ್ಳು ತುಂಡು, ಎಂಸಿಬಿ ಕೂರುವ 35 ಮಿಲಿಮೀಟರಿನ ಲೋಹದ ಪಟ್ಟಿಗೇ ಕಚ್ಚಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮುಂದಿನಿಂದ ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ, ಉಗುರಿನಿಂದ ಕಿತ್ತರೆ ಬರುವುದೂ ಇಲ್ಲ. ಆದರೆ ಅದನ್ನು ಹಾಕಲು ಕವರ್ ತೆಗೆಯಲೇಬೇಕು.

ಸಾಧ್ಯವಾದಷ್ಟು ಡಿಬಿಯ ಕಂಪನಿಯದೇ ಪ್ಲೇಟ್ ತನ್ನಿ. ಎಲ್ಲ ಕಂಪನಿಗಳ ಕಿಂಡಿಯ ಎತ್ತರವೂ ಹೆಚ್ಚುಕಡಿಮೆ ಒಂದೇ ಆದರೂ ಕಚ್ಚುವ ಹಲ್ಲಿನ ದಪ್ಪ ಬೇರೆ. ಪ್ಲಾಸ್ಟಿಕ್ ಕವರಿಗೆ ಮಾಡಿದ ಪ್ಲೇಟ್ ತೆಳ್ಳನೆಯ ಕಬ್ಬಿಣದ ಕವರಿನಲ್ಲಿ ಗಡಗಡ ಅಲ್ಲಾಡುತ್ತದೆ. ಹಳೆಯ ಡಿಬಿಯ ಕಂಪನಿಯೇ ಈಗ ಇಲ್ಲವೆಂದಾದರೆ ಎರಡನೆಯ ಬಗೆಯದೇ ಸುಲಭ. ಜೊತೆಗೆ ಬಸ್‌ಬಾರಿನ ಖಾಲಿ ಹಲ್ಲಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿಯನ್ನೂ ಕೇಳಿ, ವಯರ್‌ಮನ್ ತರದಿದ್ದರೆ ನಿಮ್ಮಲ್ಲಿರಲಿ.

ಇನ್ನೊಂದು ದಾರಿಯೂ ಉಂಟು: ಖಾಲಿ ಜಾಗಕ್ಕೆ ಒಂದು ಎಂಸಿಬಿಯನ್ನೇ ಕೂರಿಸಿ ಆಫ್ ಮಾಡಿ ಬಿಡುವುದು. ಮುಂದೆ ಏಸಿಯೋ ಗೀಸರೋ ಬಂದರೆ ಉಪಯೋಗಕ್ಕೂ ಆಯಿತು. ಖರ್ಚು ಸ್ವಲ್ಪ ಹೆಚ್ಚು, ‘ಖಾಲಿ’ ಎಂದು ಚೀಟಿ ಅಂಟಿಸುವುದನ್ನು ಮರೆಯಬಾರದು. ಬಳಕೆಗೆ ಬರುವುದು ಖಚಿತವಾಗಿದ್ದರೆ ಇದು ಒಳ್ಳೆಯ ದಾರಿ.

ಹಂತ 4: ಕರೆಂಟ್ ತೆಗೆಯುವುದು

ಹೊರಗಿನಿಂದ ಒತ್ತಿ ಕೂರಿಸುವ ಪ್ಲೇಟಾದರೂ ಕರೆಂಟ್ ತೆಗೆದೇ ಕೂರಿಸಬೇಕು. ಪ್ಲೇಟ್ ಕೈತಪ್ಪಿ ಒಳಗೆ ಜಾರಿದಾಗ ಅದನ್ನು ಹಿಡಿಯಲು ಬೆರಳು ತಾನಾಗಿ ಹಿಂದೆ ಹೋಗುತ್ತದೆ. ಇದು ಯಾರ ಅಜಾಗ್ರತೆಯೂ ಅಲ್ಲ, ಕೈಯ ಸ್ವಭಾವ.

ನಮ್ಮ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೊಂಡ ಇನ್ವರ್ಟರ್. ಮಳೆಗಾಲದ ಕರೆಂಟಿನ ಕಣ್ಣುಮುಚ್ಚಾಲೆಗೆ ಬೇಸತ್ತು ಬಹುತೇಕ ಎಲ್ಲರ ಮನೆಗೂ ಅದು ಬಂದಿದೆ. ಮೇನ್ ಇಳಿಸಿದ ಮರುಕ್ಷಣ ‘ಕರೆಂಟ್ ಹೋಯಿತು’ ಎಂದು ತಿಳಿದು ಇನ್ವರ್ಟರ್ ತನ್ನ ಕೆಲಸ ಶುರು ಮಾಡುತ್ತದೆ, ಬ್ಯಾಟರಿಯಿಂದ 230 ವೋಲ್ಟನ್ನು ಅದೇ ಡಿಬಿಗೆ ಕಳಿಸುತ್ತದೆ. ಆದ್ದರಿಂದ ಮೊದಲು ಇನ್ವರ್ಟರಿನ ಸ್ವಿಚ್ ಆಫ್ ಮಾಡಿ, ಅದರ ಪ್ಲಗ್ ಕಿತ್ತಿಡಿ, ಆಮೇಲೆ ಡಿಬಿಯ ಮೇನ್ ಇಳಿಸಿ. ಜನರೇಟರ್ ಇದ್ದರೆ ಅದೂ ನಿಂತಿರಲಿ. ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದರೆ ನೀವು ಇಲ್ಲಿಗೇ ನಿಲ್ಲಿಸಿ, ಬಿಸಿಲಿರುವಷ್ಟು ಹೊತ್ತೂ ಪ್ಯಾನೆಲ್ಲಿನಿಂದ ಬರುವ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ಬಲ್ಲವರೇ ಬರಲಿ.

ಡಿಬಿಯ ಮೇನ್ ಇಳಿಸಿದರೂ ಅದರ ಮೇಲ್ತುದಿಗೆ ಬಂದು ಸೇರುವ ವಯರು ಸಾಯುವುದಿಲ್ಲ. ಮೀಟರಿನಿಂದ ಬಂದ ಕರೆಂಟ್ ಅಲ್ಲಿ ಕಾದು ನಿಂತಿರುತ್ತದೆ. ಅದನ್ನೂ ತೆಗೆಯಬೇಕಾದರೆ ಮೀಟರಿನ ನಂತರದ, ಹೊರಗಿನ ಮೇನ್ ಸ್ವಿಚ್ ಇಳಿಸಬೇಕು. ಹಳೆಯ ಮನೆಗಳಲ್ಲಿ ಅದು ಜಗಲಿಯ ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆಯಾಗಿ, ಪಕ್ಕದಲ್ಲಿ ಹಿಡಿಕೆಯೊಂದಿಗೆ ಇರುತ್ತದೆ. ಕವರ್ ತೆಗೆಯುವ ಕೆಲಸವಾದರೆ ಹೊರಗಿನದನ್ನೂ ಇಳಿಸಿಯೇ ತೆಗೆಯಬೇಕೆಂದು ಪಟ್ಟುಹಿಡಿಯಿರಿ. ‘ಏನಾಗುವುದಿಲ್ಲ’ ಎನ್ನುವವರಿಗೆ ಈ ಒಂದು ವಿಷಯದಲ್ಲಿ ಸೋಲಬೇಡಿ. ಇಳಿಸಿದ ಸ್ವಿಚ್ಚಿನ ಮೇಲೆ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿ, ಮನೆಯ ಒಬ್ಬರನ್ನು ಅಲ್ಲಿ ನಿಲ್ಲಿಸಿ. ಟಿವಿ ಆಫ್ ಆಯಿತೆಂದು ಬಂದು ಮೇನ್ ಎತ್ತುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಗುಡುಗು ಮಿಂಚು ಇರುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮುಂಚೆ, ಬೆಳಗಿನ ಹೊತ್ತು ಮುಗಿಸಿದರೆ ಒಳ್ಳೆಯದು. ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ದಿನಗಳು ಅವು.

ಹಂತ 5: ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು

ಸ್ಕ್ರೂಡ್ರೈವರಿನಂಥ ಟೆಸ್ಟರನ್ನು ಪೂರ್ತಿ ನಂಬುವುದು ದೊಡ್ಡ ತಪ್ಪು. ಅದರ ಪುಟ್ಟ ದೀಪ ಹೊತ್ತಿದರೆ ಕರೆಂಟ್ ಇದೆ ಎಂದು ಹೇಳಬಹುದು. ಹೊತ್ತದಿದ್ದರೆ ಇಲ್ಲ ಎಂದು ಹೇಳಲಾಗದು. ದೀಪ ಕೆಟ್ಟಿರಬಹುದು, ನೀವು ಮರದ ಸ್ಟೂಲಿನ ಮೇಲೆ ನಿಂತಿರಬಹುದು, ಬಿಸಿಲಿಗೆ ಬೆಳಕು ಕಾಣದಿರಬಹುದು. ವಯರ್‌ಮನ್ ಮಲ್ಟಿಮೀಟರ್ ಬಳಸಲಿ. ಕ್ರಮ ಹೀಗೆ: ಕರೆಂಟ್ ಇರುವುದು ಗೊತ್ತಿರುವ ಜಾಗದಲ್ಲಿ ಮೊದಲು ಮಲ್ಟಿಮೀಟರ್ ಸರಿಯಿದೆಯೇ ಎಂದು ನೋಡುವುದು, ಆಮೇಲೆ ಬಸ್‌ಬಾರ್ ಪರೀಕ್ಷಿಸುವುದು, ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಮಲ್ಟಿಮೀಟರ್ ಈಗಲೂ ಸರಿಯಿದೆಯೇ ಎಂದು ನೋಡುವುದು. ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ಥ್, ನ್ಯೂಟ್ರಲ್ ಮತ್ತು ಅರ್ಥ್, ಮೂರನ್ನೂ ನೋಡಬೇಕು. ಹಳೆಯ ವಯರಿಂಗಿನಲ್ಲಿ ಫೇಸು ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವಲ್ಲ, ಕಪ್ಪು ವಯರೆಂದರೆ ನ್ಯೂಟ್ರಲ್ ಎಂದು ಬಣ್ಣವನ್ನು ನಂಬುವಂತಿಲ್ಲ.

ಹಂತ 6: ಕವರ್ ತೆಗೆದ ಮೇಲೆ

ಇಲ್ಲಿ ವಯರ್‌ಮನ್ ಏನೇನು ಮಾಡಬೇಕೆಂದು ನೀವು ಪಕ್ಕದಲ್ಲಿ ನಿಂತು ನೋಡಿ.

ಖಾಲಿ ಹಲ್ಲಿಗೆ ಟೋಪಿ ತೊಡಿಸಬೇಕು. ಬ್ಲ್ಯಾಂಕ್ ಪ್ಲೇಟ್ ಹೊರಗಿನ ಕಾವಲು, ಇದು ಒಳಗಿನದು. ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ. ತೆಗೆದ ಎಂಸಿಬಿಯಿಂದ ಹೊರಗೆ ಹೋಗುತ್ತಿದ್ದ ವಯರಿನ ತುದಿ ಎಲ್ಲಿದೆ ಎಂದು ಕೇಳಿ. ಹೆಚ್ಚಿನ ಡಿಬಿಗಳಲ್ಲಿ ಅದನ್ನು ಸುರುಳಿ ಸುತ್ತಿ ಟೇಪು ಹಾಕಿ ಹಿಂದೆ ತುರುಕಿರುತ್ತಾರೆ. ‘ಕನೆಕ್ಷನ್ ಇಲ್ಲವಲ್ಲ, ಅದರಲ್ಲಿ ಕರೆಂಟ್ ಎಲ್ಲಿಂದ?’ ಎಂದು ನಂಬಬೇಡಿ. ಯಾವುದೋ ಸ್ವಿಚ್‌ಬೋರ್ಡಿನಲ್ಲಿ ಎರಡು ಸರ್ಕ್ಯೂಟುಗಳು ಸೇರಿಹೋಗಿದ್ದರೆ ಹಿಂದಿನಿಂದ ಕರೆಂಟ್ ಬಂದೇ ಬರುತ್ತದೆ. ತುದಿಗೆ ಸ್ಕ್ರೂ ಇರುವ ಕನೆಕ್ಟರ್ ಹಾಕಿ, ಯಾವ ಕೋಣೆಯದೆಂದು ಚೀಟಿ ಕಟ್ಟಬೇಕು. ಬೇಡವೇ ಬೇಡ ಎಂದಾದರೆ ಎರಡೂ ತುದಿಯಿಂದ ಬಿಡಿಸಿ ಪೈಪಿನಿಂದ ಎಳೆದು ತೆಗೆಯುವುದು ಉತ್ತಮ.

ಒಳಗಿನ ಧೂಳು, ಜೇಡರ ಬಲೆ, ಕಣಜದ ಮಣ್ಣುಗೂಡನ್ನು ಒಣ ಬ್ರಷ್‌ನಿಂದ ತೆಗೆಯಲಿ. ಒದ್ದೆ ಬಟ್ಟೆ ಬೇಡ, ಬಾಯಿಯಿಂದ ಊದುವುದೂ ಬೇಡ. ತಾಮ್ರದ ಮೇಲೆ ಕಿಲುಬು ಇದ್ದರೆ, ಅಲ್ಯುಮಿನಿಯಂ ವಯರು ಪುಡಿಯಾಗುತ್ತಿದ್ದರೆ, ಪ್ಲೇಟ್ ಹಾಕಿ ಕಣ್ಣಿಗೆ ಕಾಣದಂತೆ ಮಾಡುವುದು ಪರಿಹಾರವಲ್ಲ, ಡಿಬಿ ಬದಲಿಸುವ ಮಾತನಾಡಿ. ಎಲ್ಲ ಸ್ಕ್ರೂಗಳ ಬಿಗಿಯನ್ನೂ ಒಮ್ಮೆ ಪರೀಕ್ಷಿಸಲಿ, ಕವರ್ ತೆಗೆದಾಗಲೇ ಆಗಬೇಕಾದ ಕೆಲಸ ಅದು.

ಮೇಲಿನ ಪೈಪುಗಳನ್ನೂ ನೋಡಿ. ಡಿಬಿಯ ನೆತ್ತಿಯಲ್ಲಿ ಪೈಪ್ ಇಲ್ಲದೆ ತೆರೆದಿರುವ ದುಂಡು ತೂತುಗಳಿದ್ದರೆ ಅವೂ ಕಿಂಡಿಗಳೇ. ಅದಕ್ಕೆಂದೇ ತೂತಿಲ್ಲದ ರಬ್ಬರಿನ ಬುಚ್ಚು ಸಿಗುತ್ತದೆ. ಮಾಡಿನಿಂದಲೋ ಟೆರೇಸಿನಿಂದಲೋ ಇಳಿದ ಪೈಪಿನ ಒಳಗೆ ನೀರಿನ ಗೆರೆ ಕಂಡರೆ ಕೆಳಗೆ ಮುಚ್ಚಿ ಪ್ರಯೋಜನವಿಲ್ಲ, ನೀರು ಪೈಪಿನಲ್ಲೇ ನಿಲ್ಲುತ್ತದೆ. ಮೇಲೆ, ನೀರು ಒಳಗೆ ಇಳಿಯುವಲ್ಲಿಯೇ ತಡೆಯಬೇಕು.

ಹಂತ 7: ಪ್ಲೇಟ್ ಕೂರಿಸುವುದು

ಪಟ್ಟಿಯನ್ನು ಗೀರಿನಲ್ಲಿ ಮುರಿದು, ಅಂಚಿನ ಚೂಪನ್ನು ಮರಳು ಕಾಗದದಿಂದ ಉಜ್ಜಿ. ಅಗಲ ಹೆಚ್ಚಾಯಿತೆಂದು ಒತ್ತಿ ತುರುಕಿದರೆ ನಡುವೆ ಉಬ್ಬುತ್ತದೆ, ನಾಲ್ಕು ದಿನ ಬಿಟ್ಟು ಚಿಮ್ಮಿ ಬೀಳುತ್ತದೆ. ಕಡಿಮೆಯಾದರೆ ಸಂದು ಉಳಿಯುತ್ತದೆ. ಮೇಲಿನ ಹಲ್ಲನ್ನು ಮೊದಲು ಕವರಿನ ಅಂಚಿಗೆ ಸಿಕ್ಕಿಸಿ, ಕೆಳಗಿನದನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಿಕ್ ಎನ್ನಬೇಕು. ಕವರ್ ಕೈಯಲ್ಲಿ, ಹೊರಗಿರುವಾಗಲೇ ಹೀಗೆ ಕೂರಿಸಿದರೆ ಹಿಂದಿನಿಂದ ಸರಿಯಾಗಿ ಕಚ್ಚಿದೆಯೇ ಎಂದು ಕಾಣುತ್ತದೆ. ಅರ್ಧ ಮಾಡ್ಯೂಲಿನ ಸಂದು ಇದ್ದರೆ ಪಟ್ಟಿಯ ತುಂಡೊಂದನ್ನು ಅಳತೆಗೆ ಕತ್ತರಿಸಿ ಅಲ್ಲಿಗೂ ಹಾಕಿಸಿ.

ಕವರ್ ಮರಳಿ ಕೂರಿಸುವಾಗ ಸ್ಕ್ರೂಗಳ ಕಡೆ ಕಣ್ಣಿರಲಿ. ಮೂಲ ಸ್ಕ್ರೂ ಕಳೆದು ಮರಕ್ಕೆ ಹೊಡೆಯುವ ಚೂಪು ತುದಿಯ ಉದ್ದ ಸ್ಕ್ರೂ ಹಾಕಿಬಿಡುತ್ತಾರೆ. ಅದು ಹಿಂದಿನ ವಯರಿನ ಪ್ಲಾಸ್ಟಿಕ್ಕನ್ನು ತೂತು ಮಾಡಿ ಕಬ್ಬಿಣದ ಪೆಟ್ಟಿಗೆಗೇ ಕರೆಂಟ್ ಹರಿಸುತ್ತದೆ. ಮೊಂಡು ತುದಿಯ, ಗಿಡ್ಡ ಸ್ಕ್ರೂ ಮಾತ್ರ.

ಹಂತ 8: ಪರೀಕ್ಷೆ, ಮತ್ತೆ ಕರೆಂಟ್

ಕರೆಂಟ್ ಕೊಡುವ ಮೊದಲು ಪ್ಲೇಟನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಉಗುರಿನಿಂದ ಎಳೆದು ನೋಡಿ. ಅಲ್ಲಾಡಬಾರದು. ಟಾರ್ಚನ್ನು ಓರೆಯಾಗಿ ಹಿಡಿದು ಎಲ್ಲಾದರೂ ಒಳಗಿನ ತಾಮ್ರ ಮಿನುಗುತ್ತದೆಯೇ ಎಂದು ನೋಡಿ. ಹೊರಗಿನ ಮೇನ್, ಡಿಬಿಯ ಮೇನ್, ಆಮೇಲೆ ಒಂದೊಂದೇ ಎಂಸಿಬಿ, ಕೊನೆಗೆ ಇನ್ವರ್ಟರ್, ಈ ಕ್ರಮದಲ್ಲಿ ಎತ್ತಿ. ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಗುಂಡಿಯನ್ನೂ ಒಮ್ಮೆ ಒತ್ತಿ, ಟಪ್ ಎಂದು ಬೀಳಬೇಕು. ಬೀಳದಿದ್ದರೆ ವಯರ್‌ಮನ್ ಹೊರಡುವ ಮುಂಚೆಯೇ ಹೇಳಿ. ಯಾವ ಎಂಸಿಬಿ ಯಾವ ಕೋಣೆಗೆ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸಿ. ಕನ್ನಡಕ ಹುಡುಕುತ್ತಾ ಬರುವ ಅಜ್ಜನಿಗೂ ಓದಲು ಬರಬೇಕು.

ಇನ್ನೂ ಪಿಂಗಾಣಿ ಫ್ಯೂಸಿನ ಬೋರ್ಡೇ ಇದ್ದರೆ

ಕೆಲವು ಮನೆಗಳಲ್ಲಿ ಡಿಬಿಯೇ ಇಲ್ಲ, ಸಾಗುವಾನಿ ಹಲಗೆಯ ಮೇಲೆ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು ಸಾಲಾಗಿವೆ. ಅಲ್ಲಿ ಫ್ಯೂಸಿನ ಮೇಲ್ಭಾಗ ಕಳೆದುಹೋಗಿ ತಳ ಮಾತ್ರ ಉಳಿದಿದ್ದರೆ, ಆ ಎರಡು ಹಿತ್ತಾಳೆಯ ದವಡೆಗಳಲ್ಲಿ ಒಂದರಲ್ಲಿ ಸದಾ ಕರೆಂಟ್ ಇರುತ್ತದೆ, ಅದೂ ಯಾವ ಕವರೂ ಇಲ್ಲದೆ. ಅದಕ್ಕೆ ಬ್ಲ್ಯಾಂಕ್ ಪ್ಲೇಟ್ ಎಂಬುದು ಇಲ್ಲ. ವಯರ್‌ಮನ್ ಕರೆಸಿ ಆ ತಳಕ್ಕೆ ಬರುವ ಫೇಸನ್ನು ಬಿಡಿಸಿ, ತಳವನ್ನೇ ಹಲಗೆಯಿಂದ ತೆಗೆಸಿಬಿಡಿ. ಅಂಥ ಬೋರ್ಡಿಗೆ ಹಣ ಸುರಿಯುವ ಬದಲು ಬಾಗಿಲಿರುವ ಹೊಸ ಡಿಬಿ, ಎಂಸಿಬಿ, ಆರ್‌ಸಿಸಿಬಿ ಹಾಕಿಸಿ. ಹಾಕಿಸುವಾಗ ಮುಂದಿನ ಅಗತ್ಯಕ್ಕೆಂದು ಎರಡು ಮೂರು ಜಾಗ ಹೆಚ್ಚಿರುವ ಡಿಬಿಯನ್ನು ತನ್ನಿ. ಅದರೊಂದಿಗೇ ಬರುವ ಬ್ಲ್ಯಾಂಕ್ ಪ್ಲೇಟುಗಳ ಪೊಟ್ಟಣವನ್ನು ರಟ್ಟಿನ ಡಬ್ಬದೊಂದಿಗೆ ಗುಜರಿಗೆ ಹಾಕದಂತೆ ಮೊದಲೇ ಎತ್ತಿಡಿ. ಹಳೆಯ ಡಿಬಿಗಳ ಕಿಂಡಿಗಳಲ್ಲಿ ಅರ್ಧಕ್ಕರ್ಧ ಆ ಪೊಟ್ಟಣ ಕಳೆದುಹೋದದ್ದರಿಂದಲೇ ತೆರೆದಿವೆ ಎಂಬುದು ನನ್ನ ಅನುಭವ.

ಜೂನ್ ಮೊದಲ ವಾರದ ಜೋರು ಮಳೆ ಕಳೆದ ಮೇಲೆ ಇನ್ನೊಮ್ಮೆ ಟಾರ್ಚ್ ಹಿಡಿದು ಡಿಬಿಯ ಬಾಗಿಲು ತೆರೆಯಿರಿ. ಪ್ಲೇಟಿನ ಅಂಚಿನಲ್ಲಿ ಇರುವೆಯ ಸಾಲು, ಕವರಿನ ಮೇಲೆ ನೀರಿನ ಹನಿ, ಮೇಲಿನಿಂದ ಇಳಿದ ತುಕ್ಕಿನ ಗೆರೆ, ಈ ಮೂರನ್ನು ನೋಡಿ. ಇರುವೆ ಕಂಡರೆ ಎಲ್ಲೋ ಸಂದು ಉಳಿದಿದೆ. ಹನಿಯೋ ಗೆರೆಯೋ ಕಂಡರೆ ಡಿಬಿಯನ್ನು ಮುಟ್ಟದೆ, ಹೊರಗಿನ ಮೇನ್ ಒಣ ಜಾಗದಲ್ಲಿದ್ದರೆ ಅದನ್ನು ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ, ವಯರ್‌ಮನ್ ಬರುವವರೆಗೆ ಕಾಯಿರಿ.